ಕನ್ನಡ ಅಕ್ಷರ ಒಡೆದು ಕಂಡರೆ: ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ದೋಷ ಹಿಡಿಯುವ ಬಗೆ

ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿಕೊಂಡ ನಮ್ಮ ಕಡೆಯವರು ಜಾಸ್ತಿ ಕೇಳುವ ಪ್ರಶ್ನೆ ಇದು: "ಅಕ್ಷರ ಎಲ್ಲಾ ಒಡದಾವ್ರಿ, ಫೈಲ್ ಕೆಟ್ಟೈತೇನ್ರಿ?" ಬಹುತೇಕ ಸಲ ಫೈಲ್ ಕೆಟ್ಟಿರುವುದಿಲ್ಲ. ಲಿನಕ್ಸ್‌ಗೆ ಕನ್ನಡ ಬರುವುದಿಲ್ಲ ಅನ್ನುವುದೂ ನಿಜವಲ್ಲ. ಆದರೆ ಗಾಬರಿಯಲ್ಲಿ ಸಿಕ್ಕ ಸಿಕ್ಕ ಫಾಂಟ್ ಹಾಕಿ, ಅದೇ ಫೈಲನ್ನು ಸೇವ್ ಮಾಡಿ, ಚೆನ್ನಾಗಿದ್ದದ್ದನ್ನೂ ಕೆಡಿಸಿಕೊಂಡವರು ಇದ್ದಾರೆ. ಅಕ್ಷರ ಹೇಗೆ ಒಡೆದಿದೆ ಅನ್ನುವುದನ್ನು ಮೊದಲು ಸರಿಯಾಗಿ ನೋಡಿ. ದೋಷ ಎಲ್ಲಿದೆ ಅನ್ನುವುದು ಅಲ್ಲೇ ಕಾಣುತ್ತದೆ.

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಈ ತೊಂದರೆ ಪದೇ ಪದೇ ಬರುವುದಕ್ಕೆ ಕಾರಣವೂ ಇದೆ. ಗದಗ ಮುದ್ರಣ ಕಾಶಿ ಅಂತ ಹೆಸರಾದ ಊರು. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ಮಠದ ಕಾರ್ಯಕ್ರಮದ ಆಮಂತ್ರಣ, ಸೊಸೈಟಿಯ ವಾರ್ಷಿಕ ವರದಿ ಎಲ್ಲವೂ ವರ್ಷಗಟ್ಟಲೆ ನುಡಿ, ಬರಹ, ಶ್ರೀಲಿಪಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ ಟೈಪ್ ಆಗಿವೆ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಶುರುವಾಯಿತು. ಇಂಥ ಸೀಮೆಯಲ್ಲಿ ಠರಾವು, ವರದಿ, ಸದಸ್ಯರ ಪಟ್ಟಿಗಳಿಗೆ ಬರವಿಲ್ಲ. ಹಳೆಯ ವಿಂಡೋಸ್ ಕಂಪ್ಯೂಟರಿನಲ್ಲಿದ್ದ ಆ ಫೈಲುಗಳು ಪೆನ್‌ಡ್ರೈವ್ ಹತ್ತಿ ಲಿನಕ್ಸ್‌ಗೆ ಬಂದಾಗ ಈ ತೊಂದರೆ ಎದುರಾಗುತ್ತದೆ.

ಮೊದಲು ಮಾಡಬೇಕಾದ್ದು

ಫೈಲಿನ ಒಂದು ನಕಲು ಮಾಡಿ, ಮೂಲವನ್ನು ಬೇರೆ ಫೋಲ್ಡರಿನಲ್ಲಿ ಇಡಿ. ಮುಂದಿನದೆಲ್ಲ ನಕಲಿನ ಮೇಲೆ. ಇದನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ.

ಆಮೇಲೆ ಒಡೆದು ಕಾಣುವ ಎರಡು ಸಾಲನ್ನು ಕಾಪಿ ಮಾಡಿ, ಸಿಸ್ಟಮ್‌ನಲ್ಲೇ ಇರುವ ಸಾದಾ ಟೆಕ್ಸ್ಟ್ ಎಡಿಟರಿನಲ್ಲಿ ಪೇಸ್ಟ್ ಮಾಡಿ. ಈ ಎಡಿಟರಿಗೆ ಫಾಂಟಿನ ಅಲಂಕಾರ ಗೊತ್ತಿಲ್ಲ, ಒಳಗೆ ನಿಜವಾಗಿ ಇರುವ ಅಕ್ಷರವನ್ನಷ್ಟೇ ತೋರಿಸುತ್ತದೆ. ಅಲ್ಲಿ ಕನ್ನಡವೇ ಕಂಡರೆ ಫೈಲ್ ಯೂನಿಕೋಡ್‌ನಲ್ಲಿದೆ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಜಾಗತಿಕ ಪದ್ಧತಿ), ತೊಂದರೆ ಫಾಂಟಿನದೋ ಪ್ರೋಗ್ರಾಮಿನದೋ ಇರಬೇಕು. ಇಂಗ್ಲಿಷ್ ಅಕ್ಷರಗಳ ಗೋಜಲು ಕಂಡರೆ ವಿಷಯ ಬೇರೆ.

ಲಿಬ್ರೆಆಫೀಸ್ ರೈಟರ್‌ನಲ್ಲಿ ಇನ್ನೂ ಖಚಿತವಾದ ಪರೀಕ್ಷೆ ಇದೆ. ಒಂದು ಅಕ್ಷರ ಮುಗಿದ ಕೂಡಲೇ, ಅದರ ಬಲಗಡೆ ಕರ್ಸರ್ ಇಟ್ಟು ಆಲ್ಟ್ ಹಿಡಿದು ಎಕ್ಸ್ ಒತ್ತಿ. ಆ ಅಕ್ಷರ ಹೋಗಿ ಅದರ ಸಂಕೇತ ಬರುತ್ತದೆ. 'ಕ' ಆಗಿದ್ದರೆ ಯು ಪ್ಲಸ್ ಆದ ಮೇಲೆ 0ಸಿ95 ಅಂತ ಕಾಣುತ್ತದೆ. ಮತ್ತೆ ಅದನ್ನೇ ಒತ್ತಿದರೆ ಅಕ್ಷರ ವಾಪಸ್. ಯೂನಿಕೋಡ್‌ನಲ್ಲಿ ಕನ್ನಡದ ಜಾಗ 0ಸಿ80ರಿಂದ 0ಸಿಎಫ್‌ಎಫ್‌ವರೆಗೆ. ಸಂಕೇತ 0ಸಿ ಇಂದ ಶುರುವಾದರೆ ಅದು ನಿಜವಾದ ಕನ್ನಡ. 00 ಇಂದ ಶುರುವಾದರೆ ಕನ್ನಡದ ವೇಷದಲ್ಲಿರುವ ಇಂಗ್ಲಿಷ್ ಅಕ್ಷರ.

ಬರೀ ಚೌಕಗಳು ಕಂಡರೆ

ಇದು ಎಲ್ಲಕ್ಕಿಂತ ಹಗುರಾದ ದೋಷ. ಕನ್ನಡ ಫಾಂಟ್ ಇಲ್ಲ, ಅಷ್ಟೇ. ಫೈರ್‌ಫಾಕ್ಸ್‌ನಲ್ಲಿ ಮತ್ತು ಹಲವು ಪ್ರೋಗ್ರಾಮುಗಳಲ್ಲಿ ಚೌಕದೊಳಗೆ ಚಿಕ್ಕದಾಗಿ ಸಂಕೇತವೂ ಇರುತ್ತದೆ. ಆ ಸಂಕೇತದ ಮೇಲಿನ ಸಾಲಿನಲ್ಲಿ 0ಸಿ ಇದ್ದರೆ ಅನುಮಾನವೇ ಬೇಡ.

ಸಾಫ್ಟ್‌ವೇರ್ ಮ್ಯಾನೇಜರ್ ತೆರೆದು 'ಫಾಂಟ್ಸ್-ಕೆಎನ್‌ಡಿಎ' ಅಂತ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹುಡುಕಿ, ಹಾಕಿಕೊಳ್ಳಿ. ಉಬುಂಟು, ಮಿಂಟ್, ಡೆಬಿಯನ್ ಮೂರರಲ್ಲೂ ಇದೇ ಹೆಸರು. ಇದರಿಂದ ಲೋಹಿತ್ ಮತ್ತು ನವಿಲು ಫಾಂಟುಗಳು ಬರುತ್ತವೆ. ಗುಬ್ಬಿ ಫಾಂಟ್ ಇವುಗಳ ಜೊತೆಗೆ ಬರದಿದ್ದರೆ 'ಫಾಂಟ್ಸ್-ಗುಬ್ಬಿ' ಹುಡುಕಿ ಹಾಕಿ. ನೋಟೊ ಸಾನ್ಸ್ ಕನ್ನಡ ಮತ್ತು ನೋಟೊ ಸೆರಿಫ್ ಕನ್ನಡ 'ಫಾಂಟ್ಸ್-ನೋಟೊ-ಕೋರ್' ಒಳಗಿವೆ. ಉದ್ದದ ಬರಹ ಓದುವವರಿಗೆ ನಾನು ನೋಟೊ ಸೆರಿಫ್ ಹೇಳುತ್ತೇನೆ, ಚಿಕ್ಕ ಗಾತ್ರದಲ್ಲೂ ಒತ್ತು ಬಿಡಿಬಿಡಿಯಾಗಿ ಕಾಣುತ್ತದೆ. ಹಾಕಿದ ಮೇಲೆ ತೆರೆದಿರುವ ಪ್ರೋಗ್ರಾಮ್ ಮುಚ್ಚಿ ಮತ್ತೆ ತೆರೆಯಿರಿ.

ವಿಂಡೋಸ್‌ನಲ್ಲಿ ತುಂಗಾ ಅಥವಾ ನಿರ್ಮಲಾ ಫಾಂಟಿನಲ್ಲಿ ಬರೆದ ಫೈಲ್ ಇಲ್ಲಿ ಬೇರೆ ಫಾಂಟಿನಲ್ಲಿ ತೆರೆದುಕೊಳ್ಳುತ್ತದೆ. ಅಕ್ಷರ ಸರಿಯಾಗಿಯೇ ಇರುತ್ತದೆ, ಸಾಲು ಮತ್ತು ಪುಟ ಮಾತ್ರ ಜರುಗುತ್ತವೆ. ಅದನ್ನು ದೋಷ ಅಂತ ಹುಡುಕುತ್ತಾ ಕೂರಬೇಡಿ.

ಪೌಂಡ್ ಗುರುತು, ಓರೆಗೆರೆಯ ಎ: ಹಳೆಯ ನುಡಿ ಫೈಲ್

ನಮ್ಮ ಭಾಗದಲ್ಲಿ ಅತಿ ಹೆಚ್ಚು ಸಿಗುವುದು ಇದೇ. ಸಾಲಿನ ತುಂಬ ಇಂಗ್ಲಿಷ್ ಅಕ್ಷರ, ನಡುನಡುವೆ ಪೌಂಡ್ ಗುರುತು, ತಲೆಯ ಮೇಲೆ ಓರೆಗೆರೆ ಇರುವ ದೊಡ್ಡ ಎ ಮತ್ತೆ ಮತ್ತೆ ಬಂದಿದ್ದರೆ ಅದು ನುಡಿ ಅಥವಾ ಬರಹದ ಹಳೆಯ ಸಂಕೇತದ ಬರಹ.

ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸಿದ್ದವು. ದೊಡ್ಡ ಪಿ ಇರುವ ಜಾಗದಲ್ಲಿ 'ಕ' ಅಕ್ಷರದ ಒಡಲು, ಓರೆಗೆರೆಯ ಎ ಇರುವ ಜಾಗದಲ್ಲಿ ತಲೆಕಟ್ಟು. ಎರಡೂ ಸೇರಿದರೆ 'ಕ'. ಹೀಗಾಗಿ 'ಕನ್ನಡ' ಅನ್ನುವ ಪದ ಫಾಂಟ್ ಇಲ್ಲದಾಗ ಪಿ, ಓರೆಗೆರೆಯ ಎ, ಪೌಂಡ್ ಗುರುತು, ಮತ್ತೆ ಓರೆಗೆರೆಯ ಎ, ಬಿ ಥರ ಕಾಣುವ ಜರ್ಮನ್ ಅಕ್ಷರ, ಸಣ್ಣ ಕ್ಯೂ, ಕೊನೆಗೆ ಇನ್ನೊಂದು ಓರೆಗೆರೆಯ ಎ ಆಗಿ ಕಾಣುತ್ತದೆ. ತಲೆಕಟ್ಟು ಕನ್ನಡದಲ್ಲಿ ಎಲ್ಲೆಲ್ಲೂ ಇರುವುದರಿಂದ ಆ ಎ ಕೂಡ ಎಲ್ಲೆಲ್ಲೂ ಇರುತ್ತದೆ. ಇದನ್ನು ಒಮ್ಮೆ ಗುರುತಿಸಿದರೆ ಮುಂದೆ ನೋಡಿದ ಕೂಡಲೇ ಹೇಳುತ್ತೀರಿ.

ಇಲ್ಲಿ ಯೂನಿಕೋಡ್ ಫಾಂಟ್ ಎಷ್ಟು ಹಾಕಿದರೂ ಪ್ರಯೋಜನವಿಲ್ಲ. ದಾರಿ ಎರಡು. ಫೈಲನ್ನು ನಿಮಗೆ ಏನಕ್ಕೆ ಬೇಕು ಅನ್ನುವುದರ ಮೇಲೆ ಆರಿಸಿಕೊಳ್ಳಿ.

ಸುಮ್ನೆ ಓದಿ ಪ್ರಿಂಟ್ ತೆಗೆಯುವುದಿದ್ದರೆ ಮೂಲ ಫಾಂಟನ್ನೇ ಹಾಕಿ. ರೈಟರ್‌ನಲ್ಲಿ ಆ ಸಾಲಿನ ಮೇಲೆ ಕ್ಲಿಕ್ ಮಾಡಿದರೆ ಮೇಲಿನ ಫಾಂಟ್ ಪೆಟ್ಟಿಗೆಯಲ್ಲಿ ಹೆಸರು ಕಾಣುತ್ತದೆ. 'ನುಡಿ 01 ಇ', 'ಬಿಆರ್‌ಎಚ್ ಕನ್ನಡ' ಇಂಥ ಹೆಸರು. ಕಳುಹಿಸಿದವರಿಗೆ ಫೋನ್ ಮಾಡಿ "ಈ ಫಾಂಟಿನ ಫೈಲ್ ಕಳಸ್ರಿ" ಅಂತ ಹೇಳಿದರೆ ಸಾಕು. ಬಂದ ಫಾಂಟ್ ಫೈಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಇನ್‌ಸ್ಟಾಲ್ ಬಟನ್ ಬರುತ್ತದೆ. ಆಮೇಲೆ ಲಿಬ್ರೆಆಫೀಸನ್ನು ಪೂರ್ತಿ ಮುಚ್ಚಿ ತೆರೆಯಿರಿ. ಸಿಸ್ಟಮ್ ಬದಲಾದರೂ ಈ ಹಳೆಯ ಫಾಂಟುಗಳು ಕೆಲಸ ಮಾಡುತ್ತವೆ.

ತಿದ್ದುವುದು, ಹುಡುಕುವುದು, ವಾಟ್ಸಾಪ್‌ನಲ್ಲಿ ಕಳಿಸುವುದು ಇದ್ದರೆ ಯೂನಿಕೋಡ್‌ಗೆ ಪರಿವರ್ತಿಸಲೇಬೇಕು. ನನ್ನ ಅಭಿಪ್ರಾಯ ಕೇಳಿದರೆ, ಮುಂದೆ ಬೇಕಾಗುವ ಯಾವ ಬರಹವನ್ನೂ ಹಳೆಯ ಸಂಕೇತದಲ್ಲಿ ಬಿಡಬಾರದು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಯಾರಿಗೂ ಅರ್ಥವಾಗದ ಗೋಜಲು, ಹುಡುಕಾಟದಲ್ಲೂ ಸಿಗುವುದಿಲ್ಲ. ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳು ಇಂಟರ್ನೆಟ್‌ನಲ್ಲಿವೆ. ಸದಸ್ಯರ ಹೆಸರು, ಖಾತೆ ನಂಬರ್ ಇರುವ ಬರಹವಾದರೆ ಒಂದು ಎಚ್ಚರ ಬೇಕು. ಪರಿವರ್ತಕದ ಪುಟ ತೆರೆದ ಮೇಲೆ ಇಂಟರ್ನೆಟ್ ಬಂದ್ ಮಾಡಿ, ಬೇರೆ ಎರಡು ಸಾಲು ಹಾಕಿ ನೋಡಿ. ಆಗಲೂ ಬದಲಾದರೆ ಬದಲಾಯಿಸುವ ಕೆಲಸ ನಿಮ್ಮ ಕಂಪ್ಯೂಟರಿನಲ್ಲೇ ನಡೆಯುತ್ತಿದೆ ಅಂತಾಯಿತು. ನಿಜವಾದ ಬರಹವನ್ನೂ ಇಂಟರ್ನೆಟ್ ಬಂದ್ ಇರುವಾಗಲೇ ಹಾಕಿ, ಫಲಿತಾಂಶ ಕಾಪಿ ಮಾಡಿಕೊಂಡು ಪುಟ ಮುಚ್ಚಿಬಿಡಿ.

ಪರಿವರ್ತನೆ ಆದ ಮೇಲೆ ಕಣ್ಣು ಮುಚ್ಚಿ ನಂಬಬೇಡಿ. ಹಳೆಯ ಸಂಕೇತದಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ಆಮೇಲೆ ಇಡುತ್ತಿದ್ದರು. ಯೂನಿಕೋಡ್‌ನಲ್ಲಿ ಉಚ್ಚಾರದ ಹಾಗೆ 'ರ್' ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ಸರಿಸಬೇಕು, ತಪ್ಪುವುದು ಅಲ್ಲೇ ಜಾಸ್ತಿ. ಇನ್ನೊಂದು ದೀರ್ಘದ ಗುರುತು. 'ಕೀ', 'ಕೇ', 'ಕೋ' ಇವುಗಳಲ್ಲಿ ಕೊನೆಯ ದೀರ್ಘ ಬೇರೆ ತುಂಡಾಗಿ ಉಳಿದುಬಿಡಬಹುದು. ನಮ್ಮ ಊರುಗಳ ಹೆಸರಿನಲ್ಲೇ ಒಳ್ಳೆಯ ಪರೀಕ್ಷೆ ಇದೆ. ಕುರ್ತಕೋಟಿಯಲ್ಲಿ ಅರ್ಕಾವತ್ತೂ ಇದೆ, ದೀರ್ಘವೂ ಇದೆ. ಲಕ್ಷ್ಮೇಶ್ವರದಲ್ಲಿ ಒತ್ತಿನ ಕೆಳಗೆ ಒತ್ತು. ಗಜೇಂದ್ರಗಡ, ಬ್ಯಾಡಗಿ, ರಾಣೆಬೆನ್ನೂರು, ಹುಬ್ಬಳ್ಳಿ. ಇವಿಷ್ಟು ಸರಿಯಾಗಿ ಬಂದರೆ ಉಳಿದದ್ದರ ಮೇಲೆ ಭರವಸೆ ಇಡಬಹುದು.

ನಡುವೆ ನಿಜವಾದ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕ ಅವನ್ನೂ ಕನ್ನಡ ಅಂದುಕೊಂಡು ಅರ್ಥವಿಲ್ಲದ ಅಕ್ಷರ ಮಾಡುತ್ತದೆ. ಇಂಥ ಫೈಲನ್ನು ಒಟ್ಟಿಗೆ ಹಾಕಬೇಡಿ. ರೈಟರ್‌ನ ಫೈಂಡ್ ಆಂಡ್ ರಿಪ್ಲೇಸ್‌ನಲ್ಲಿ ಫಾರ್ಮ್ಯಾಟ್ ಬಟನ್ ಒತ್ತಿ, ಫಾಂಟಿನ ಹೆಸರು ಕೊಟ್ಟು 'ಫೈಂಡ್ ಆಲ್' ಮಾಡಿದರೆ ಆ ಫಾಂಟಿನ ಭಾಗಗಳಷ್ಟೇ ಆಯ್ಕೆಯಾಗುತ್ತವೆ. ಕನ್ನಡ ಎಲ್ಲಿ, ಇಂಗ್ಲಿಷ್ ಎಲ್ಲಿ ಅನ್ನುವುದು ಕಣ್ಣಿಗೆ ಕಾಣುತ್ತದೆ. ಆ ಪ್ರಕಾರ ಪ್ಯಾರಾ ಪ್ಯಾರಾ ಹಾಕಿ.

ನುಡಿ ಪರಿವರ್ತಕದಿಂದ ಬಂದದ್ದು ಓದಲು ಬಾರದ ಕನ್ನಡವಾಗಿದ್ದರೆ, ಮೂಲ ನುಡಿಯದ್ದಲ್ಲ. ಶ್ರೀಲಿಪಿಯ ಸಂಕೇತವೇ ಬೇರೆ, ಅದಕ್ಕೆ ಪರಿವರ್ತಕವೂ ಬೇರೆ. ಪ್ರೆಸ್ಸಿನಿಂದ ಬಂದ ಫೈಲಾದರೆ ಮೊದಲು ಇದನ್ನೇ ಕೇಳಿ.

ಸಣ್ಣ ಎ, ಪಕ್ಕದಲ್ಲಿ ಪುಟ್ಟ 2 ಅಥವಾ 3

ಮೇಲಿನದರ ಥರವೇ ಕಾಣುತ್ತದೆ, ಆದರೆ ಪೂರ್ತಿ ಬೇರೆ ದೋಷ. ಓರೆಗೆರೆಯ ಎ ಇಲ್ಲಿ ಸಣ್ಣಕ್ಷರದ್ದು. ಅದರ ಹಿಂದೆಯೇ ಮೇಲಕ್ಕೆ ಏರಿದ ಪುಟ್ಟ 2 ಅಥವಾ 3 ಇರುತ್ತದೆ. ಸಾಲಿನ ಉದ್ದಕ್ಕೂ ಇದೇ ಜೋಡಿ.

ಇದು ಅಪ್ಪಟ ಯೂನಿಕೋಡ್ ಕನ್ನಡ. ಯೂನಿಕೋಡ್ ಬರಹವನ್ನು ಫೈಲಿನಲ್ಲಿ ಇಡುವ ಪದ್ಧತಿಯಾದ ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಅಕ್ಷರ ಅಥವಾ ಗುಣಿತದ ಗುರುತು ಮೂರು ಬೈಟ್ ತೆಗೆದುಕೊಳ್ಳುತ್ತದೆ. ಮೊದಲ ಬೈಟ್ ಎಲ್ಲಕ್ಕೂ ಒಂದೇ, ಎರಡನೆಯದರಲ್ಲಿ ಎರಡೇ ಬಗೆ. ಪ್ರೋಗ್ರಾಮ್ ಅದನ್ನು ಹಳೆಯ ಇಂಗ್ಲಿಷ್ ಸಂಕೇತ ಅಂದುಕೊಂಡು ಓದಿದಾಗ ಆ ಎ, ಆ 2, ಆ 3 ಕಾಣುತ್ತವೆ. ಶಾಲೆಯ ಮಕ್ಕಳ ಪಟ್ಟಿ, ಸೊಸೈಟಿಯ ಸದಸ್ಯರ ಪಟ್ಟಿ ಹೀಗೆ ಸಿಎಸ್‌ವಿ ಫೈಲುಗಳಲ್ಲಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಟ್ಟಿ) ಇದು ಸಾಮಾನ್ಯ.

ಫಾಂಟ್ ಬೇಡ, ಪರಿವರ್ತಕವೂ ಬೇಡ. ಫೈಲ್ ಮುಚ್ಚಿ, ಸೇವ್ ಕೇಳಿದರೆ ಬೇಡ ಅನ್ನಿ. ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಮತ್ತೆ ತೆರೆಯುವಾಗ ಬರುವ ಕಿಟಕಿಯಲ್ಲಿ, ಮೇಲ್ಗಡೆ ಕ್ಯಾರೆಕ್ಟರ್ ಸೆಟ್ ಅನ್ನುವ ಕಡೆ 'ಯೂನಿಕೋಡ್ ಯುಟಿಎಫ್-8' ಆರಿಸಿ. ಕೆಳಗಿನ ಮುನ್ನೋಟದಲ್ಲಿ ಕನ್ನಡ ಬಂದ ಮೇಲೆ ಓಕೆ ಒತ್ತಿ. ಎಕ್ಸೆಲ್ ಬಳಸುವವರಿಗೆ ನೀವು ಪಟ್ಟಿ ಕಳಿಸುವಾಗ ಸಿಎಸ್‌ವಿ ಬದಲು ಎಕ್ಸೆಲ್ ರೂಪದಲ್ಲೇ ಕಳಿಸಿ, ಅವರಿಗೆ ಈ ತಾಪತ್ರಯ ತಪ್ಪುತ್ತದೆ.

ಅಕ್ಷರ ಇರಬೇಕಾದ ಕಡೆಯೆಲ್ಲ ಬರೀ ಪ್ರಶ್ನೆ ಚಿಹ್ನೆ ಇದ್ದರೆ ಮಾತ್ರ ಕೆಟ್ಟ ಸುದ್ದಿ. ಯಾರೋ ಯೂನಿಕೋಡ್ ಅಲ್ಲದ ರೂಪದಲ್ಲಿ ಸೇವ್ ಮಾಡಿದ್ದಾರೆ, ಅಕ್ಷರಗಳು ಹೋಗಿವೆ. ಈ ಫೈಲಿನಿಂದ ಅವು ವಾಪಸ್ ಬರುವುದಿಲ್ಲ. ಕಳುಹಿಸಿದವರ ಬಳಿ ಮೂಲ ಇದೆಯಾ ಕೇಳಿ. ನಕಲು ಮಾಡಿಡಿ ಅಂತ ಮೊದಲೇ ಹೇಳಿದ್ದು ಇದಕ್ಕೇ.

ಕನ್ನಡವೇ, ಆದರೆ ಒತ್ತು ಬೇರೆ, ಅಕ್ಷರ ಬೇರೆ

ಅಕ್ಷರ ಗುರುತು ಸಿಗುತ್ತದೆ, 'ಹುಬ್ಬಳ್ಳಿ' ಮಾತ್ರ ಒತ್ತಿಲ್ಲದೆ 'ಬ್', 'ಳ್' ಅಂತ ಬಿಡಿ ಬಿಡಿಯಾಗಿ ನಿಂತಿದೆ. ಇದು ಅಕ್ಷರ ಜೋಡಿಸುವ ಕೆಲಸದ ದೋಷ. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್ ಈ ಕೆಲಸಕ್ಕೆ ಹಾರ್ಫ್‌ಬಜ್ ಅನ್ನುವ ಮುಕ್ತ ತಂತ್ರಾಂಶ ಬಳಸುತ್ತವೆ. ಇಂಕ್‌ಸ್ಕೇಪ್, ಗಿಂಪ್ ಕೂಡ ಪ್ಯಾಂಗೊ ಮೂಲಕ ಅದನ್ನೇ ಬಳಸುತ್ತವೆ. ಇವುಗಳಲ್ಲಿ ಸರಿ ಇದ್ದು ಒಂದೇ ಪ್ರೋಗ್ರಾಮಿನಲ್ಲಿ ಒಡೆದಿದ್ದರೆ, ತಪ್ಪು ಆ ಪ್ರೋಗ್ರಾಮಿನದು. ಟರ್ಮಿನಲ್ ಕಿಟಕಿಯಲ್ಲಿ ಕನ್ನಡ ಒಡೆದು ಕಾಣುವುದು ಮಾಮೂಲು. ಅದನ್ನು ನೋಡಿ ಫೈಲ್ ಹೆಸರು ಕೆಟ್ಟಿದೆ ಅಂದುಕೊಳ್ಳಬೇಡಿ.

ಡಿಟಿಪಿ ಮಾಡುವವರಿಗೆ ಒಂದು ಮಾತು. ಪುಟ ವಿನ್ಯಾಸದ ಸ್ಕ್ರೈಬಸ್‌ನ 1.4 ಸರಣಿಗೆ ಕನ್ನಡ ಜೋಡಣೆ ಬರುತ್ತಿರಲಿಲ್ಲ. ಹಿಂದೆ ಅದನ್ನು ನೋಡಿ "ಲಿನಕ್ಸ್‌ನಾಗ ಡಿಟಿಪಿ ಆಗಂಗಿಲ್ರಿ" ಅಂತ ಕೈಬಿಟ್ಟವರು ಗದಗಿನಲ್ಲೂ ಹುಬ್ಬಳ್ಳಿಯಲ್ಲೂ ಸಿಗುತ್ತಾರೆ. 1.6 ಸರಣಿಯಲ್ಲಿ ಕನ್ನಡ ಯೂನಿಕೋಡ್ ಸರಿಯಾಗಿ ಕೂರುತ್ತದೆ. ದಯವಿಟ್ಟು ಇನ್ನೊಮ್ಮೆ ನೋಡಿ.

ಎಲ್ಲ ಪ್ರೋಗ್ರಾಮಿನಲ್ಲೂ ಒಂದೇ ಪದ ಒಡೆದಿದ್ದರೆ ಆ ಪದದ ಒಳಗೇ ತಪ್ಪಿದೆ. ಗುಣಿತದ ಜೊತೆ ಚುಕ್ಕಿಗಳ ವೃತ್ತ ಕಂಡರೆ ಅದಕ್ಕೆ ಮುಂಚೆ ವ್ಯಂಜನ ಇಲ್ಲ ಅಂತ ಅರ್ಥ. ನಡುವೆ ಸ್ಪೇಸ್ ಬಿದ್ದಿರಬಹುದು ಅಥವಾ ಗುಣಿತ ಎರಡು ಸಲ ಬಂದಿರಬಹುದು. ಅಳಿಸಿ ಹೊಸದಾಗಿ ಟೈಪ್ ಮಾಡುವುದೇ ಬೇಗ ಆಗುವ ಕೆಲಸ.

'ಸಾಫ್ಟ್‌ವೇರ್' ಬರೆಯಹೋದರೆ 'ವ' ಒತ್ತಾಗಿ ಕೆಳಗಿಳಿಯುವುದು ದೋಷವಲ್ಲ. ಅಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರ ಬೇಕು. 'ಟ್' ಆದ ಮೇಲೆ ಕಂಟ್ರೋಲ್ ಮತ್ತು ಶಿಫ್ಟ್ ಹಿಡಿದು ಯು ಒತ್ತಿ, 200ಸಿ ಅಂತ ಟೈಪಿಸಿ, ಎಂಟರ್ ಒತ್ತಿ. 'ರ‍್ಯಾಲಿ', 'ರ‍್ಯಾಂಕ್' ಬರೆಯುವಾಗ 'ರ' ಅರ್ಕಾವತ್ತಾಗಿ ಬಲಕ್ಕೆ ಹೋದರೆ, 'ರ' ಆದ ಕೂಡಲೇ 200ಡಿ ಹಾಕಿ, ಆಮೇಲೆ ಹಲಂತ ('ಟ್'ನಲ್ಲಿರುವ ಅರ್ಧಾಕ್ಷರದ ಗುರುತು), ಆಮೇಲೆ 'ಯ'. ಈ ಕ್ರಮ ತಪ್ಪಬಾರದು. ಹಲಂತ ಆದ ಮೇಲೆ ಹಾಕಿದರೆ ಕೆಲಸವಾಗುವುದಿಲ್ಲ.

ಕಣ್ಣಿಗೆ ಸರಿ ಕಂಡರೂ ಹುಡುಕಿದಾಗ ಸಿಗದ ಪದಗಳೂ ಇವೆ. 'ಕೋ' ಅಕ್ಷರದ ಗುಣಿತ ಒಂದೇ ಸಂಕೇತವಾಗಿರಬಹುದು, ಇಲ್ಲವೇ ಮೂರು ತುಂಡುಗಳಾಗಿ ಕೂತಿರಬಹುದು. ಪರದೆಯ ಮೇಲೆ ಎರಡೂ ಒಂದೇ. ಪರಿವರ್ತಕದಿಂದ ಬಂದ ಬರಹದಲ್ಲಿ 'ಕುರ್ತಕೋಟಿ' ಹುಡುಕಿ ಸಿಗದಿದ್ದರೆ ಇದನ್ನು ಅನುಮಾನಿಸಿ. ಬರಹದಲ್ಲಿರುವ ಪದವನ್ನೇ ಕಾಪಿ ಮಾಡಿ ಹುಡುಕಿ. ಆಗ ಸಿಕ್ಕರೆ ಇದೇ ದೋಷ. ರಿಪ್ಲೇಸ್ ಆಲ್ ಮಾಡಿ, ನೀವು ಟೈಪಿಸಿದ ರೂಪಕ್ಕೆ ತನ್ನಿ.

ಪಿಡಿಎಫ್

ಓದಲು ಚೆನ್ನಾಗಿರುತ್ತದೆ, ಕಾಪಿ ಮಾಡಿದರೆ ಗೋಜಲು. ಡಾಕ್ಯುಮೆಂಟ್ ವ್ಯೂವರ್‌ನಲ್ಲಿ ಪ್ರಾಪರ್ಟೀಸ್ ತೆರೆದು ಫಾಂಟ್ಸ್ ವಿಭಾಗ ನೋಡಿ. ನುಡಿ 01 ಅಥವಾ ಬಿಆರ್‌ಎಚ್ ಇದ್ದರೆ ಕಾಪಿ ಮಾಡಿದ್ದನ್ನು ಪರಿವರ್ತಕಕ್ಕೆ ಹಾಕಬಹುದು. ಹೆಸರಿನಲ್ಲಿ 'ಯುನಿ' ಅಂತ ಇದ್ದರೆ ಯೂನಿಕೋಡ್. ಆದರೂ ಪಿಡಿಎಫ್‌ನಿಂದ ಒತ್ತಕ್ಷರಗಳು ಹಿಂದುಮುಂದಾಗಿ ಬರುವುದುಂಟು. ಫಾಂಟ್ ಪಟ್ಟಿ ಖಾಲಿ ಇದ್ದರೆ ಅದು ಸ್ಕ್ಯಾನ್ ಮಾಡಿದ ಚಿತ್ರ. ಅದಕ್ಕೆ ಟೆಸರಾಕ್ಟ್ ಅನ್ನುವ ಮುಕ್ತ ತಂತ್ರಾಂಶ ಮತ್ತು ಅದರ ಕನ್ನಡ ಭಾಗ ಹಾಕಿಕೊಳ್ಳಿ. ಅಚ್ಚು ಸ್ಪಷ್ಟವಾಗಿದ್ದರೆ ಕನ್ನಡವನ್ನು ಚೆನ್ನಾಗಿಯೇ ಓದುತ್ತದೆ.

ಟೈಪ್ ಮಾಡಲು ಹೋದರೆ ಇಂಗ್ಲಿಷೇ ಬರುತ್ತದೆ

ಲಿನಕ್ಸ್‌ನಲ್ಲಿ ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ತಂತ್ರಾಂಶ ಐಬಸ್. ನುಡಿ ಕೀಲಿಮಣೆಗೆ ಒಗ್ಗಿದ ಕೈಗೆ ಅದರ 'ಐಬಸ್-ಎಂ17ಎನ್' ಬೇಕು. ಅದನ್ನು ಹಾಕಿ, ಲಾಗ್‌ಔಟ್ ಆಗಿ ಮತ್ತೆ ಬನ್ನಿ. ಬಹಳ ಜನ ಈ ಲಾಗ್‌ಔಟ್ ಬಿಟ್ಟು ಗಂಟೆಗಟ್ಟಲೆ ಒದ್ದಾಡುತ್ತಾರೆ. ಆಮೇಲೆ ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ ಕನ್ನಡ ಕೆಜಿಪಿ ಸೇರಿಸಿ. ಮಿಂಟ್‌ನಲ್ಲಾದರೆ ಇನ್‌ಪುಟ್ ಮೆಥಡ್ ಅನ್ನುವಲ್ಲಿ ಐಬಸ್ ಆರಿಸಿರಬೇಕು. ಪಟ್ಟಿಯಲ್ಲಿ 'ಕಗಪ ಫೊನೆಟಿಕ್' ಅಂತ ಇನ್ನೊಂದೂ ಕಾಣುತ್ತದೆ. ಅದು ಸಿಸ್ಟಮ್‌ನ ಸಾದಾ ಕೀಲಿಮಣೆ, ಸ್ವರ ಮೂಡಿಸುವ ಬಗೆ ಬೇರೆ. ನುಡಿಯಲ್ಲಿ ಟೈಪಿಸುವ ಹಾಗೆಯೇ ಬೇಕಿದ್ದರೆ ಎಂ17ಎನ್‌ನದನ್ನೇ ತೆಗೆದುಕೊಳ್ಳಿ. ಉಬುಂಟುವಿನಲ್ಲಿ ಭಾಷೆ ಬದಲಿಸಲು ಸೂಪರ್ ಕೀ, ಅಂದರೆ ವಿಂಡೋಸ್ ಗುರುತಿನ ಕೀ, ಹಿಡಿದು ಸ್ಪೇಸ್ ಒತ್ತಿ.

ಟೆಕ್ಸ್ಟ್ ಎಡಿಟರಿನಲ್ಲಿ ಕನ್ನಡ ಬರುತ್ತದೆ, ಒಂದು ಪ್ರೋಗ್ರಾಮಿನಲ್ಲಿ ಮಾತ್ರ ಬರುವುದಿಲ್ಲ ಅಂದರೆ ಅದನ್ನು ಹೇಗೆ ಹಾಕಿದ್ದೀರಿ ನೋಡಿ. ಸ್ನ್ಯಾಪ್ ಅಥವಾ ಫ್ಲ್ಯಾಟ್‌ಪ್ಯಾಕ್ ಆಗಿ, ಅಂದರೆ ಸಿಸ್ಟಮ್‌ನಿಂದ ಪ್ರತ್ಯೇಕವಾಗಿ ಕಟ್ಟಿದ ಪ್ಯಾಕೇಜಾಗಿ, ಬಂದ ಪ್ರೋಗ್ರಾಮುಗಳಿಗೆ ಕೆಲವೊಮ್ಮೆ ಐಬಸ್ ತಲುಪುವುದಿಲ್ಲ. ಅದೇ ಪ್ರೋಗ್ರಾಮನ್ನು ಸಿಸ್ಟಮ್ ಪ್ಯಾಕೇಜಾಗಿ ಹಾಕಿ ನೋಡಿ.

ಇಷ್ಟೆಲ್ಲ ನೋಡಿದ ಮೇಲೂ ಬಗೆಹರಿಯದಿದ್ದರೆ ಗೊತ್ತಿರುವವರನ್ನು ಕೇಳಿ. ಬರೀ ಪರದೆಯ ಫೋಟೊ ಕಳಿಸಿದರೆ ಅವರಿಗೆ ಏನೂ ತಿಳಿಯುವುದಿಲ್ಲ. ಒಡೆದ ಎರಡು ಸಾಲು ಇರುವ ಫೈಲನ್ನೇ ಕಳಿಸಿ. ಜೊತೆಗೆ ಫಾಂಟ್ ಪೆಟ್ಟಿಗೆಯಲ್ಲಿದ್ದ ಹೆಸರು, ಟೆಕ್ಸ್ಟ್ ಎಡಿಟರಿನಲ್ಲಿ ಏನು ಕಂಡಿತು, ಆಲ್ಟ್ ಎಕ್ಸ್ ಒತ್ತಿದಾಗ ಬಂದ ಸಂಕೇತ, ಉಬುಂಟು ಅಥವಾ ಮಿಂಟ್‌ನ ಆವೃತ್ತಿ, ಪ್ರೋಗ್ರಾಮಿನ ಆವೃತ್ತಿ ಬರೆಯಿರಿ. ಫೈಲಿನಲ್ಲಿ ಬೇರೆಯವರ ಹೆಸರು, ನಂಬರ್ ಇದ್ದರೆ ಅವನ್ನು ತೆಗೆದು ಕಳಿಸಿ.